ಖಮರುನ್ನೀಸಾಳ ಪಾಠಯೋಜನೆ ಪುಸ್ತಕ

7 ಆಗಸ್ಟ್ 1979, ಮಂಗಳವಾರ. ಹೊನ್ನಾಳಿ.

ಊಟ ಸೇರಲಿಲ್ಲ. ಖಮರುನ್ನೀಸಾಳ ಮುಖವೇ ಕಣ್ಣೆದುರು.

ಇವತ್ತು ಟೀಚರ್ಸ್ ಟ್ರೇನಿಂಗ್ ಶಾಲೆಯಲ್ಲಿ ಸುಪ್ತ ಮನಸ್ಸಿನ ಪಾಠ. ಮರೆವು ಆಕಸ್ಮಿಕವಲ್ಲ, ಬೇಡವಾದದ್ದನ್ನು ಮನಸ್ಸೇ ಬಚ್ಚಿಡುತ್ತದೆ ಎಂಬ ವಿಯೆನ್ನಾದ ಡಾಕ್ಟರ ಮಾತನ್ನು ವಿವರಿಸಿದೆ. ಉದಾಹರಣೆ ಬೇಕಿತ್ತು. ಪಾಠಯೋಜನೆ ಪುಸ್ತಕ ತರದ ಖಮರುನ್ನೀಸಾಳನ್ನು ಎದ್ದು ನಿಲ್ಲಿಸಿದೆ. "ಟೀಚರಾಗಾಕೆ ನಿನ್ನ ಒಳಮನಸ್ಸಿಗೆ ಇಷ್ಟ ಇಲ್ಲ ಕಣಮ್ಮ" ಎಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಗಂಟೆ ಹೊಡೆದ ಮೇಲೆ ಒಬ್ಬಳೇ ಬಂದು ಮೆಲ್ಲಗೆ ಹೇಳಿದಳು: "ಸಾರ್, ಪುಸ್ತಕ ನಿಮ್ಮತ್ರಾನೇ ಐತೆ. ಹೋದ ಸೋಮವಾರ ಇನ್ನೊಂದ್ಸಲ ನೋಡಾಕೆ ಅಂತ ಇಸ್ಕೊಂಡ್ರಿ. ಎಲ್ಲರ ಮುಂದೆ ಹೆಂಗೆ ಹೇಳಲಿ ಅಂತ ಸುಮ್ಮನಿದ್ದೆ."

ಮನೆಗೆ ಬಂದು ಹುಡುಕಿದೆ. ಬೀರುವಿನಲ್ಲಿ ಹಳೆಯ ಪಂಚಾಂಗಗಳ ಅಡಿಯಲ್ಲಿತ್ತು. ಅಲ್ಲಿಗೆ ನಾನಲ್ಲದೆ ಯಾರೂ ಕೈಹಾಕುವುದಿಲ್ಲ. ತೆರೆದೊಡನೆ ನೆನಪಾಯಿತು. ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದ ಭಿನ್ನರಾಶಿಯೇ ತಪ್ಪು. ಪಕ್ಕದಲ್ಲಿ ಅವಳು ಸರಿಯುತ್ತರ ಬರೆದಿದ್ದಳು, ಪೆನ್ಸಿಲ್‌ನಲ್ಲಿ, ನಾನು ಬೇಕಾದರೆ ಅಳಿಸಿಕೊಳ್ಳಲಿ ಎಂಬಂತೆ.

ನಾಳೆ ಎಲ್ಲರೆದುರು ಪುಸ್ತಕ ಕೊಟ್ಟು ತಪ್ಪು ಒಪ್ಪಿಕೊಳ್ಳಬೇಕು. ಆಗಲೇ ತಲೆನೋವು ಶುರುವಾಗಿದೆ, ರಜೆ ಹಾಕುವಷ್ಟು. ಇಂಥ ತಲೆನೋವು ಎಲ್ಲಿಂದ ಬರುತ್ತದೆ ಎಂದು ಹೋದ ಶುಕ್ರವಾರ ನಾನೇ ಪಾಠ ಮಾಡಿದ್ದೇನೆ.