ಚೀಟಿಯಲ್ಲಿ ಎರಡು ಸಲ ಇದ್ದ ಹೆಸರು

ಕಾಲಂಬಾಕ, ಗ್ರೀಸ್
೮ ಮಾರ್ಚ್ ೧೯೯೪, ಮಂಗಳವಾರ

ಅಮ್ಮಾ, ಎಷ್ಟೇ ಸಿಟ್ಟಿದ್ದರೂ ನನ್ನ ಅಮ್ಮಾ,

ಮೊಣಕಾಲು ಹೇಗಿದೆ? ವೋಲೋಸಿನಲ್ಲಿ ಸಮುದ್ರದ ಥಂಡಿ ಜಾಸ್ತಿ, ನೀನು ಉಣ್ಣೆಯ ಕಾಲುಚೀಲ ಇಲ್ಲೇ ಬಿಟ್ಟು ಹೋಗಿದ್ದೀಯ. ನಿನ್ನ ಸೊಸೆ ವಾಯಾ ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ, ಆದರೆ ಅವಳದು ಉಪ್ಪು ಸುರಿಯುವ ಕೈ. ನಿನಗೆ ಬಿಪಿ ಇರುವುದನ್ನು ನೆನಪಿಸು. ಎರಡು ದಿನದಲ್ಲಿ ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ "ಅತ್ತೆ ಮಲಗಿದಾರೆ" ಅಂದಳು. ಹಗಲು ಹನ್ನೊಂದಕ್ಕೆ ನೀನು ಮಲಗಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲ. ಅದಕ್ಕೇ ಈ ಕಾಗದ.

ಎರಡು ವರ್ಷದಿಂದ ನನಗೆ ವಂಶವೃಕ್ಷದ ಹುಚ್ಚು ಹಿಡಿದಿದೆಯಲ್ಲ. ಶಾಲೆಯ ಗಂಟೆ ಹೊಡೆದರೆ ಸಾಕು, ಪುರಸಭೆಗೆ ಓಡುತ್ತಿದ್ದೆ, ಇಲ್ಲವೇ ಚರ್ಚಿನ ಹಳೆಯ ಪುಸ್ತಕಗಳಿಗೆ. ಅಡುಗೆಮನೆಯ ಗೋಡೆಗೆ ನಾನು ಅಂಟಿಸಿದ ಹಾಳೆಯ ಮುಂದೆ ನಿಂತು ನೀನು, "ಏನೇ, ಸತ್ತೋರಿಗೂ ಹಾಜರಿ ತಗೋತೀಯಾ?" ಎಂದು ನಕ್ಕಿದ್ದೆ. ಆಗಲೇ ನಿಲ್ಲಿಸಬೇಕಿತ್ತು. ಆತ್ಮಗಳ ಶನಿವಾರ ಚರ್ಚಿನಲ್ಲಿ ಓದಲೆಂದು ಪಾದ್ರಿಯ ಕೈಗೆ ಕೊಡುವ, ನಮ್ಮ ಮನೆಯ ಸತ್ತವರ ಹೆಸರಿನ ನಿನ್ನ ಚೀಟಿ ಮಡಿಕೆಯಲ್ಲಿ ಹರಿದಿತ್ತು, ಪೆನ್ಸಿಲ್ ಅಕ್ಷರ ಮಾಸಿತ್ತು. ಟೈಪ್ ಮಾಡಿಕೊಡುತ್ತೇನೆಂದು ಕಿತ್ತುಕೊಂಡವಳು ನಾನೇ. "ಇದ್ದ ಹಾಗೇ ಇಳಿಸು, ನಿನ್ ಬುದ್ಧಿ ಸೇರಿಸ್ಬೇಡ" ಎಂದು ನೀನು ಹೇಳಿಯೂ ಇದ್ದೆ. ಅದರಲ್ಲಿ ಪೊಲಿಕ್ಸೇನಿ ಎಂದು ಎರಡು ಕಡೆ ಇತ್ತು. ಚೀಟಿಯಲ್ಲಿ ಬರಿಯ ಹೆಸರುಗಳಷ್ಟೇ, ಯಾರ ಮಗಳು ಯಾರ ಹೆಂಡತಿ ಎಂದು ಇರುವುದಿಲ್ಲ. ಒಬ್ಬಳು ಅಪ್ಪನ ತಾಯಿ, ರೂಢಿಯಂತೆ ನನಗೆ ಯಾರ ಹೆಸರಿಟ್ಟಿರೋ ಆ ಅಜ್ಜಿ. ಇನ್ನೊಂದು ನಿನ್ನ ಕೈತಪ್ಪು ಎಂದುಕೊಂಡು ಬಿಟ್ಟುಬಿಟ್ಟೆ. ಟೀಚರಮ್ಮನ ಕೈ ನೋಡು, ತಪ್ಪು ಇಲ್ಲದಲ್ಲೂ ತಿದ್ದುತ್ತದೆ.

ಮೊನ್ನೆ ಶನಿವಾರ ಚರ್ಚಿನಲ್ಲಿ ಪಾದ್ರಿ ಪಾಪಾ-ಥೊಮಾಸ್ ಹೆಸರುಗಳನ್ನು ಓದುತ್ತ ಹೋದರು. ನೀನು ಒಂದೊಂದು ಹೆಸರಿಗೂ ಒಂದೊಂದು ಬೆರಳು ಮಡಿಸುತ್ತಿದ್ದೆ. ನಮ್ಮ ಚೀಟಿ ಮುಗಿಯಿತು, ಅವರು ಪಕ್ಕದ ಮನೆಯವರದನ್ನು ಎತ್ತಿಕೊಂಡರು, ನಿನ್ನ ಒಂದು ಬೆರಳು ಹಾಗೇ ನಿಂತಿತ್ತು. ಮೆಟ್ಟಿಲಿಳಿಯುವಾಗ ನೀನು ಹೇಳಿದ್ದು ಒಂದೇ ಮಾತು: "ಮಗೂನ ಹೊರಗೆ ನಿಲ್ಲಿಸ್ಬಿಟ್ಟೆಯಲ್ಲೇ." ಮರುದಿನ ವೋಲೋಸಿನಿಂದ ತಮ್ಮ ಅರ್ಗಿರಿಸ್ ಕಾರು ತಂದ, ನೀನು ಹೊರಟೆ.

ನಿನ್ನೆ ಪುರಸಭೆಗೆ ಹೋಗಿ ೧೯೫೧ರ ಸಾವಿನ ಪುಸ್ತಕ ತೆಗೆಸಿದೆ. ಪೊಲಿಕ್ಸೇನಿ, ಲಾಂಬ್ರೋಸ್ ಮತ್ತು ಸ್ತಮಾತಿಯಾ ದಂಪತಿಯ ಮಗಳು. ಹನ್ನೊಂದು ತಿಂಗಳು, ನಾಯಿಕೆಮ್ಮು. ಎರಡು ವರ್ಷ ಬಿಟ್ಟು ಹುಟ್ಟಿನ ಪುಸ್ತಕದಲ್ಲಿ ಮತ್ತೆ ಅದೇ ಹೆಸರು, ಅದೇ ತಂದೆತಾಯಿ, ಅದು ನಾನು. ಅಜ್ಜಿಯ ಹೆಸರು ನೇರ ನನಗೇ ಬಂತೆಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅದು ಅಕ್ಕ ಹನ್ನೊಂದು ತಿಂಗಳು ಉಟ್ಟು ಬಿಟ್ಟುಹೋದ ಹೆಸರು. ನನ್ನನ್ನು ಊಟಕ್ಕೆ ಕರೆಯುವಾಗಲೆಲ್ಲ ಅವಳ ಹೆಸರೂ ನಿನ್ನ ಬಾಯಿಗೆ ಬರುತ್ತಿತ್ತಲ್ಲ, ಅದನ್ನು ಹೇಗೆ ತಡೆದುಕೊಂಡೆ? ಐದು ತಲೆಮಾರು ಹುಡುಕಿದವಳು ದಿನಾ ಎದುರಿಗೆ ಕೂತು ಉಣ್ಣುವ ಅಮ್ಮನನ್ನು ಒಂದು ಮಾತು ಕೇಳಲಿಲ್ಲ. ನಾಚಿಕೆಯಾಗುತ್ತಿದೆ ಅಮ್ಮಾ.

ಹೊಸ ಚೀಟಿಯನ್ನು ಕೈಯಲ್ಲೇ ಬರೆದು ಪಾಪಾ-ಥೊಮಾಸರಿಗೆ ಕೊಟ್ಟಿದ್ದೇನೆ, ಹೆಸರು ಎರಡು ಸಲ ಇದೆ. ಹತ್ತೊಂಬತ್ತಕ್ಕೆ ಲೆಂಟ್ ಉಪವಾಸದ ಇನ್ನೊಂದು ಆತ್ಮಗಳ ಶನಿವಾರ. ಬಾ. ನನ್ನ ಜೊತೆ ಮಾತಾಡದಿದ್ದರೂ ಸರಿ. ಪ್ರಸಾದದ ಗೋಧಿ ಈ ಸಲ ನಾನೇ ಬೇಯಿಸುತ್ತೇನೆ. ಮುದ್ದೆಯಾದರೆ ಬೈಯುವುದಕ್ಕಾದರೂ ಬಾ.

ಅರ್ಗಿರಿಸನನ್ನೂ ವಾಯಾಳನ್ನೂ ಕೇಳಿದೆನೆಂದು ಹೇಳು. ನಿನ್ನ ಎರಡೂ ಕೈಗೆ ಮುತ್ತು.

ನಿನ್ನ ಎರಡನೆಯ ಮಗಳು,
ಪೊಲಿಕ್ಸೇನಿ

ಮರೆತದ್ದು: ಅಂಚೆಯವನು ಬರುವ ಹೊತ್ತಾಯಿತು. ಈ ಕಾಗದ ವಾಯಾಳ ಕೈಗೆ ಕೊಡಬೇಡ, ನಿಧಾನವಾದರೂ ನೀನೇ ಓದು. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ೧೯೫೧ರ ಪುಸ್ತಕ ನಾನು ನೋಡಿದ್ದು ನಿನ್ನೆಯಲ್ಲ, ಚೀಟಿ ಟೈಪ್ ಮಾಡುವುದಕ್ಕೆ ಒಂದು ವಾರ ಮೊದಲು. ಆ ಇನ್ನೊಂದು ಪೊಲಿಕ್ಸೇನಿ ಯಾರೆಂದು ನನಗೆ ಗೊತ್ತಿತ್ತು. ನಿನಗೆ ನಾನೊಬ್ಬಳೇ ಮಗಳಾಗಿರಬೇಕೆಂದು ಅವಳ ಹೆಸರು ಬಿಟ್ಟೆ.