ಹೊಸದೇನೂ ಇಲ್ಲ

ಮಾರ್ಚ್ ೧೨, ಗುರುವಾರ

ಆ ಅಕ್ಕನ ಮುಖ ಕಣ್ಣಿಗೆ ಕಟ್ಟಿದಂತಿದೆ. ಕಾರ್ಖಾನೆಯ ಸಂದರ್ಶನಗಳನ್ನು ಇವತ್ತಿಗೆ ಮುಗಿಸಿದೆ. ಜನ ಕೆಲಸ ಯಾಕೆ ಬಿಡುತ್ತಾರೆ ಎಂದು ಕೇಳಿದರೆ ಎಲ್ಲರದೂ ಅದೇ ರಾಗ. ಹೊಸ ಮಾತು ಬರುವುದು ನಿಂತರೆ ಕೇಳುವುದನ್ನೂ ನಿಲ್ಲಿಸಬಹುದು ಎಂಬುದು ನಮ್ಮ ಸಂಶೋಧನೆಯ ನಿಯಮ. ಹೊರಗೆ ಬೆಂಚಿನ ಮೇಲೆ ಪ್ಯಾಕಿಂಗ್ ವಿಭಾಗದ ಅಕ್ಕ ಸಂದರ್ಶನಕ್ಕೆಂದೇ ಪಾಳಿ ಬದಲಿಸಿಕೊಂಡು, ನೀಟಾಗಿ ತಲೆ ಬಾಚಿಕೊಂಡು ಕಾಯುತ್ತಿದ್ದರು.

"ನಿಮ್ಮದು ಬೇಕಾಗಿಲ್ಲ ಅಕ್ಕಾ, ಎಲ್ಲರೂ ಅದನ್ನೇ ಹೇಳಿದಾರೆ" ಎಂದೆ.

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲ ಮೇಡಂ?"

ಸಿಟ್ಟೇನೂ ಇರಲಿಲ್ಲ. ಚೀಲ ಎತ್ತಿಕೊಂಡು ಹೋದರು. ನನಗೂ ಏನೂ ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ.

ಊಟಕ್ಕೆ ಕೂತಾಗ ಇವರು, "ಇವತ್ತೇನಾಯ್ತು ಗೊತ್ತಾ?" ಎಂದು ಶುರು ಮಾಡಿದರು.

"ಗೊತ್ತು ಬಿಡಿ" ಎಂದುಬಿಟ್ಟೆ.

ಉಂಡು, ತಟ್ಟೆ ತೊಳೆದಿಟ್ಟು ಮಲಗಿದ್ದಾರೆ. ಇವತ್ತೇನಾಯಿತೋ ಏನೋ.