ಮುಷ್ತಾಕನಿಗಾಗಿ ಕೊಂಡ ಹಾರ್ನ್

ಲಾಹೋರ್, ಮಾರ್ಚ್ 12, ಬುಧವಾರ

ಆ ನಗು ಇನ್ನೂ ಕಿವಿಯಲ್ಲಿದೆ. ಸೋಮವಾರ ಆಸ್ಪತ್ರೆಯ ಪಾಳಿಗೆ ಹೊರಟಿದ್ದಾಗ ವ್ಯಾನ್ ಡ್ರೈವರ್ ಮುಷ್ತಾಕ್ ಬೇಕೆಂದೇ ನನ್ನ ಬೈಕನ್ನು ಚರಂಡಿಗೆ ಒತ್ತಿದ. ಹಾರ್ನ್ ಹೊಡೆದೆ; ಆ ಕೀರಲು ದನಿಗೆ ಯಾರು ಹೆದರುತ್ತಾರೆ? ಕೆಸರಿನಲ್ಲಿ ಬಿದ್ದವಳನ್ನು ಕಿಟಕಿಯಿಂದ ನೋಡಿ, "ಬಾಜಿ, ಮನೇಲಿ ರೊಟ್ಟಿ ತಟ್ಟೋದು ಬಿಟ್ಟು ನಿಮಗ್ಯಾಕೆ ಇದೆಲ್ಲ?" ಎಂದು, ಅಕ್ಕ ಅಂತ ಕರೆಯುತ್ತಲೇ ನಕ್ಕ.

ಇವತ್ತು ಮೆಕ್ಯಾನಿಕ್ ಲತೀಫ್ ಚಾಚಾರ ಅಂಗಡಿಗೆ ಹೋದೆ. ಅವರು ಪುಟ್ಟ ಹಾರ್ನೊಂದನ್ನು ಒತ್ತಿ ಕೇಳಿಸಿದರು. "ಹೆಣ್ಮಕ್ಕಳು ಇದನ್ನೇ ಒಯ್ಯೋದು, ಬೇಟಿ. ಕೋಗಿಲೆ ಥರ ಇದೆ."

"ಕೋಗಿಲೆ ಬೇಡ ಚಾಚಾ, ಹುಚ್ಚೆಮ್ಮೆ ಬೇಕು."

ಅಟ್ಟದಿಂದ ಲಾರಿಯ ಹಾರ್ನ್ ಇಳಿಯಿತು. ಸ್ವಿಚ್ಚು ಸುಟ್ಟುಹೋಗದಂತೆ ಬೇರೆ ತಂತಿ ಎಳೆದು, ರಿಲೇ ಹಾಕಿ ಕೂರಿಸಿಕೊಟ್ಟರು. ಒತ್ತಿ ನೋಡಿದರೆ ಎದುರು ಮಾಳಿಗೆಯ ಪಾರಿವಾಳಗಳೆಲ್ಲ ಹಾರಿದವು.

ಸಂಜೆ ಮುಷ್ತಾಕ್ ಚಹಾ ಕುಡಿಯುತ್ತ ರಸ್ತೆಯಲ್ಲೇ ನಿಂತಿದ್ದ. ಬೆನ್ನ ಹಿಂದೆ ಹೋಗಿ ಒತ್ತಿದೆ. ಚಹಾ ಅವನ ಶಲ್ವಾರಿನ ಮೇಲೆ! ತಿರುಗಿಯೂ ನೋಡದೆ ಗೋಡೆಗೆ ಅಂಟಿಕೊಂಡು, "ಹೋಗಿ ಭಾಯಿ, ಹೋಗಿ, ತಪ್ಪಾಯ್ತು!" ಎಂದ.

ಹೆಲ್ಮೆಟ್ಟಿನ ಗಾಜು ಎತ್ತಿ, "ಭಾಯಿ ಅಲ್ಲ, ಬಾಜಿ" ಎಂದೆ. ಚಹಾದಂಗಡಿಯಲ್ಲಿ ಕೂತವರೆಲ್ಲ ಅವನನ್ನು ನೋಡಿ ನಕ್ಕರು. ಅವನ ಮುಖ ಬಾಡಿತು. ಅಷ್ಟಕ್ಕೇ ಹೊರಟುಬಿಡಬಹುದಿತ್ತು. ಇನ್ನೊಮ್ಮೆ ಒತ್ತಿದೆ, ಹೆಬ್ಬೆರಳು ನೋಯುವವರೆಗೆ.

"ಇನ್ನು ಸಾಕು ಮಾಡು, ಅವನ ಹಗೆ ಕಟ್ಕೋಬೇಡ" ಎಂದಳು ಅಮ್ಮಿ, ಮನೆಗೆ ಬಂದು ಹೇಳಿದಾಗ. ಸಾಕೆನಿಸುತ್ತಿಲ್ಲ. ನಾಳೆ ಅವನು ತಾನಾಗಿ ದಾರಿ ಬಿಟ್ಟರೂ ಒತ್ತುತ್ತೇನೆ. ಇದು ಒಳ್ಳೆಯದಲ್ಲ ಅಂತ ಗೊತ್ತು. ಆದರೂ ಆ ಸದ್ದು ಹೊರಟಾಗ ಮೈಯೆಲ್ಲ ಹಗುರಾಗುತ್ತದೆ.